ಶೀರ್ಷಿಕೆಯ ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು?

ಗಾಂಧಿನಗರದ ಚಿತ್ರಗಳಿಗೆ ನಾನು ಪೋಸ್ಟರ್ ಮಾಡಲು ಆರಂಭಿಸಿದಾಗ ನಮ್ಮ ಮೇಜಿನ ಮೇಲೆ ಕಂಪ್ಯೂಟರ್ ಇರಲಿಲ್ಲ. ಚಿತ್ರೀಕರಣದ ಸ್ಥಳದಲ್ಲಿ ತೆಗೆದ ಸ್ಟಿಲ್‌ಗಳನ್ನು ಬ್ರೋಮೈಡ್ ಎಂಬ ಫೋಟೊ ಕಾಗದದ ಮೇಲೆ ಬೇಕಾದ ಅಳತೆಗೆ ಹಿಗ್ಗಿಸಿ, ಮುಖಗಳನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ರಟ್ಟಿಗೆ ಅಂಟಿಸಿ, ಅಂಚುಗಳು ಕಾಣದಂತೆ ಪೋಸ್ಟರ್ ಕಲರ್‌ನಿಂದ ತೀಡುತ್ತಿದ್ದೆವು. ಶೀರ್ಷಿಕೆಯನ್ನು ಬೇರೆ ಹಾಳೆಯಲ್ಲಿ ಕೈಯಿಂದ ಬರೆಯಬೇಕಿತ್ತು. ನನಗೆ ಮೊದಲು ಒಪ್ಪಿಸಿದ ಕೆಲಸ ಅದೇ ಆಗಿತ್ತು, ಇಂದಿಗೂ ಯಾವ ಪೋಸ್ಟರನ್ನಾದರೂ ನಾನು ಶೀರ್ಷಿಕೆಯಿಂದಲೇ ಆರಂಭಿಸುತ್ತೇನೆ.

ನಾಯಕನ ಮುಖ ಜನರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಹೊಸ ಚಿತ್ರದ ಹೆಸರು. ಕೆಂಪೇಗೌಡ ರಸ್ತೆಯಲ್ಲಿ ಹೋಗುವ ಬಸ್ಸಿನ ಕಿಟಕಿಯಿಂದ ಗೋಡೆಯನ್ನು ನೋಡಿದವರಿಗೆ ಆ ಹೆಸರು ಒಂದೇ ನೋಟದಲ್ಲಿ ದಕ್ಕದಿದ್ದರೆ, ಉಳಿದ ಚಿತ್ತಾರ ಎಷ್ಟೇ ಚೆನ್ನಾಗಿದ್ದರೂ ಆ ಪೋಸ್ಟರ್ ತನ್ನ ಕೆಲಸ ಮಾಡಲಿಲ್ಲವೆಂದೇ ನಾನು ತಿಳಿಯುತ್ತೇನೆ.

ಕನ್ನಡದಲ್ಲಿ ಈ ಕೆಲಸ ಸುಲಭವಲ್ಲ. ನಮ್ಮ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಗುಡಿಸು ತಲೆಯ ಮೇಲೆ ಏರುತ್ತದೆ, ಕೊಂಬು ಬಲಕ್ಕೆ ಚಾಚುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’ ಎಂಬ ಒಂದು ಪದದಲ್ಲಿ ‘ಷ’ಕಾರದ ಕೆಳಗೆ ಎರಡು ಒತ್ತುಗಳು ಬರುತ್ತವೆ. ಅವುಗಳಿಗೆ ಜಾಗ ಕೊಡಲು ಇಡೀ ಪದವನ್ನು ಕುಗ್ಗಿಸಿದರೆ ಶೀರ್ಷಿಕೆಯ ಗಾತ್ರ ಹೋಗುತ್ತದೆ, ಒತ್ತುಗಳನ್ನಷ್ಟೇ ಕುಗ್ಗಿಸಿದರೆ ದೂರದಿಂದ ಅವು ಕಾಣುವುದಿಲ್ಲ. ‘ದ’ ಮತ್ತು ‘ಧ’ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ‘ಪ’ ಮತ್ತು ‘ಷ’ ಬೇರೆಯಾಗುವುದು ಒಳಗಿನ ಒಂದು ಗೆರೆಯಿಂದ. ಅಗ್ಗದ ಕಾಗದದ ಮೇಲೆ ಮಸಿ ಹರಡಿದಾಗ ಮೊದಲು ಮುಚ್ಚಿಹೋಗುವುದೇ ಇಂತಹ ಎಡೆಗಳು. ಆದ್ದರಿಂದ ಕಣ್ಣಿಗೆ ಸರಿಯೆನಿಸುವುದಕ್ಕಿಂತ ಸ್ವಲ್ಪ ಹೆಚ್ಚೇ ಅಗಲವಾಗಿ ಅವನ್ನು ಬಿಡಿಸುವುದನ್ನು ರೂಢಿಸಿಕೊಂಡೆ.

ಆರಂಭದ ವರ್ಷಗಳಲ್ಲಿ ನಡೆದ ಒಂದು ತಪ್ಪು ಇನ್ನೂ ನೆನಪಿದೆ. ಶೀರ್ಷಿಕೆಯನ್ನು ಹಾಳೆಯ ತೀರಾ ಕೆಳಗೆ ಇಟ್ಟಿದ್ದೆ. ಬಿಡುಗಡೆಯ ದಿನ ನೋಡಿದರೆ, ಚಿತ್ರಮಂದಿರದ ಹೆಸರು ಮತ್ತು ಆಟಗಳ ಸಮಯ ಅಚ್ಚಾದ ಪಟ್ಟಿಯನ್ನು ಅಂಟಿಸುವವರು ಎಂದಿನಂತೆ ಪೋಸ್ಟರಿನ ಕೆಳ ಅಂಚಿನ ಮೇಲೆ ಹಚ್ಚಿದ್ದರು. ಶೀರ್ಷಿಕೆಯ ಒತ್ತಕ್ಷರವೇ ಮುಚ್ಚಿಹೋಗಿ ಹೆಸರು ಅರ್ಥವಿಲ್ಲದ ಪದವಾಗಿತ್ತು. ಪಟ್ಟಿ ಎಲ್ಲಿಗೆ ಬರುತ್ತದೆಂದು ಅಂಟಿಸುವವರನ್ನು ನಾನು ಕೇಳಬೇಕಿತ್ತು. ಆನಂತರ ಕೆಳಗೆ ಒಂದು ಗೇಣು ಜಾಗವನ್ನು ಅವರಿಗೆಂದೇ ಬಿಡತೊಡಗಿದೆ.

2018ರ ಆಗಸ್ಟ್‌ನಲ್ಲಿ ಹೈಕೋರ್ಟಿನ ನಿರ್ದೇಶನದಂತೆ ಬೆಂಗಳೂರಿನ ಫ್ಲೆಕ್ಸ್‌ಗಳನ್ನು ತೆರವುಗೊಳಿಸುವ ವೇಳೆಗೆ, ನಮ್ಮ ಪೋಸ್ಟರುಗಳು ಗೋಡೆಗಿಂತ ಮೊದಲು ಮೊಬೈಲಿನಲ್ಲಿ ಕಾಣಿಸಿಕೊಳ್ಳಲು ಆರಂಭಿಸಿ ಆಗಲೇ ಕೆಲವು ವರ್ಷಗಳಾಗಿದ್ದವು. ‘ಫಸ್ಟ್ ಲುಕ್’ ಎಂದು ಮೊದಲು ಹೊರಬರುವ ಪೋಸ್ಟರಿನಲ್ಲಿ ಕಥೆಯ ಧಾಟಿ ತಿಳಿದರೆ ಸಾಕು. ತಾರಾಗಣ, ಬಿಡುಗಡೆಯ ದಿನಾಂಕ, ಸೆನ್ಸಾರ್ ಪ್ರಮಾಣಪತ್ರದ ದರ್ಜೆ ಇವೆಲ್ಲ ನಂತರದ ಪೋಸ್ಟರುಗಳಿಗೆ ಬರುತ್ತವೆ. ಆದರೆ 30×40 ಅಂಗುಲದ ಹಾಳೆಗೆ ಬರೆದ ಶೀರ್ಷಿಕೆ ಫೋನಿನಲ್ಲಿ ಉಗುರಿನಷ್ಟಾಗುತ್ತದೆ. ಬಸ್ಸಿನ ಕಿಟಕಿಯಿಂದ ಓದಿಸಲು ಕಲಿತದ್ದು ಇಲ್ಲಿ ನನ್ನ ನೆರವಿಗೆ ಬಂತು, ಏಕೆಂದರೆ ದೂರದ ದೊಡ್ಡ ಅಕ್ಷರವೂ ಹತ್ತಿರದ ಸಣ್ಣ ಅಕ್ಷರವೂ ಕಣ್ಣಿಗೆ ಒಂದೇ.

ಈಗಲೂ ಶೀರ್ಷಿಕೆಯನ್ನು ಮೊದಲು ಪೆನ್ಸಿಲಿನಿಂದ ಬಿಡಿಸಿ, ಕಂಪ್ಯೂಟರಿಗೆ ಏರಿಸಿ ತಿದ್ದಿ, ಬಣ್ಣ ತುಂಬುವ ಮುನ್ನ ಕಪ್ಪು ಬಿಳುಪಿನಲ್ಲಿ ಉಗುರಿನಷ್ಟು ಚಿಕ್ಕದಾಗಿ ಮುದ್ರಿಸಿ, ಚಿತ್ರದ ಹೆಸರು ತಿಳಿಯದ ಯಾರಿಗಾದರೂ ಓದಲು ಕೊಡುತ್ತೇನೆ. ಅವರು ತಡವರಿಸಿದ ಅಕ್ಷರವನ್ನು ಮತ್ತೆ ಬರೆಯುತ್ತೇನೆ.