ನುಂಗುವಾಗಿನ ನಾಲಿಗೆ ಒತ್ತಡ: ಅಂಕಿ ಏರುಪೇರಾಗುತ್ತಿದ್ದರೆ ಹೀಗೆ ಮಾಡಿ

ಕೊಳವೆಯಿಂದ ಮೀಟರಿಗೆ ಜೋಡಿಸಿದ, ಗಾಳಿ ತುಂಬಿದ ಪುಟ್ಟ ಮೆತ್ತನೆಯ ಬಲ್ಬ್ ಬಾಯಲ್ಲಿಟ್ಟು, ನುಂಗುವಾಗ ನಾಲಿಗೆ ಹಾಕುವ ಒತ್ತಡ ಅಳೆಯುತ್ತಿದ್ದೆವು. ಅದೇ ವ್ಯಕ್ತಿ, ಅಷ್ಟೇ ನೀರು. ಆದರೂ ಒಂದು ಗುಟುಕಿಗೆ 14 ಕಿಲೋಪ್ಯಾಸ್ಕಲ್ (ಒತ್ತಡದ ಅಳತೆ), ಮುಂದಿನದಕ್ಕೆ 37. ಬಲ್ಬ್ ಸುಮ್ನೆ ಬಾಯಲ್ಲಿದ್ದಾಗಲೂ ಅಂಕಿ ಮೆಲ್ಲಗೆ ಏರುತ್ತಿತ್ತು.

ಹೊಸ ಬಲ್ಬ್, ಹೊಸ ಬ್ಯಾಟರಿ, ಮತ್ತೆ ಕ್ಯಾಲಿಬ್ರೇಶನ್ (ಮೀಟರಿನ ಅಳತೆ ಸರಿಹೊಂದಿಸುವುದು), ಯಾವುದೂ ಉಪಯೋಗಕ್ಕೆ ಬರಲಿಲ್ಲ. ನೀರಲ್ಲಿ ಮುಳುಗಿಸಿ ಹಿಸುಕಿದರೆ ಗುಳ್ಳೆ ಇಲ್ಲ, ಅಂದರೆ ಸೋರಿಕೆಯೂ ಇಲ್ಲ. ಸರಾಸರಿ ತೆಗೆದರೆ ಏರುಪೇರು ಕಾಣುವುದಿಲ್ಲ ಅಷ್ಟೇ, ಹೋಗುವುದಿಲ್ಲ.

ಕೊನೆಗೆ ಸರಿಹೋಗಿದ್ದು ಬಲ್ಬ್ ಕೂರುವ ಜಾಗದಿಂದ. ನುಂಗುವಾಗ ನಾಲಿಗೆಯ ಮುಂಭಾಗ ಮೊದಲು ಅಂಗುಳಕ್ಕೆ ಒತ್ತುತ್ತದೆ, ಆಮೇಲೆ ಒತ್ತಡ ಹಿಂದಕ್ಕೆ ಸಾಗುತ್ತದೆ. ಬಲ್ಬ್ ಸ್ವಲ್ಪ ಜಾರಿದರೂ ನಾವು ಅಳೆಯುವ ಜಾಗವೇ ಬೇರೆ, ಅಲ್ವಾ? ಹಾಗಾಗಿ ಅದನ್ನು ಮೇಲಿನ ಮುಂಬಲ್ಲುಗಳ ಹಿಂದಿನ ಉಬ್ಬಿಗೆ ತಾಗಿಸಿ, ಹಲ್ಲಿನ ಅಂಚು ಬರುವಲ್ಲಿ ಕೊಳವೆಗೆ ತೆಳು ಟೇಪ್ ಸುತ್ತಿದೆವು. ಪ್ರತಿ ಸಲ ಟೇಪಿನ ಅಂಚು ಹಲ್ಲಿಗೇ ಬರಬೇಕು. ಕೊಳವೆ ಕಚ್ಚಬಾರದು. ಕಚ್ಚಿದರೆ ಗಾಳಿಯ ದಾರಿ ಮುಚ್ಚಿ ಅಂಕಿ ಸುಳ್ಳಾಗುತ್ತದೆ.

ಇನ್ನು ಕ್ರಮ. ಬಲ್ಬ್ ಇಟ್ಟು, ತುಟಿ ಮುಚ್ಚಿ, ಒಂದು ನಿಮಿಷ ಕಾಯಿರಿ. ಒಳಗಿನ ಗಾಳಿ ಬಾಯಿಯ ಬಿಸಿಗೆ ಹೊಂದಿಕೊಳ್ಳಲಿ. ಆಮೇಲೆ, ನಾಲಿಗೆ ಸಡಿಲ ಬಿಟ್ಟಾಗ, ಮೀಟರಿನ ಅಂಕಿಯನ್ನು ಸೊನ್ನೆ ಮಾಡಿ. ಬಾಯಿಂದ ಹೊರಗೆ ಮಾಡಿದ ಸೊನ್ನೆ ನಂಬಬೇಡಿ. ತಲೆ ನೇರವಾಗಿರಲಿ. ಸಿರಿಂಜಿನಿಂದ 5 ಮಿಲಿಲೀಟರ್ ನೀರು ಹಾಕಿ, ಒಂದೇ ಗುಟುಕಿಗೆ ನುಂಗಲು ಹೇಳಿ. ನಡುವೆ 30 ಸೆಕೆಂಡ್ ಬಿಡುವು. ನಾಲಿಗೆಯಿಂದ ಬಲ್ಬನ್ನು ಆದಷ್ಟು ಜೋರಾಗಿ ಒತ್ತಿಸುವ ಪರೀಕ್ಷೆಯೂ ಇದ್ದರೆ ಅದು ಕೊನೆಗಿರಲಿ, ಮೊದಲೇ ಮಾಡಿದರೆ ನಾಲಿಗೆ ದಣಿಯುತ್ತದೆ.

ಈಗ ಅದೇ ವ್ಯಕ್ತಿಗೆ 24ರಿಂದ 28ರೊಳಗೇ ಬರುತ್ತಿದೆ. ಆದರೆ ನೀರು ಕುಡಿದರೆ ಕೆಮ್ಮು ಬರುವವರಿಗೆ ಇದನ್ನು ತಜ್ಞರ ಎದುರೇ ಮಾಡಿಸಿ.