ಕರಿ ಕೋಟಿನೊಳಗಿನ ದಿಗಿಲಿಗೆ ನಾನು ಕಂಡುಕೊಂಡ ಎರಡು ಕಾಲಮ್ಮಿನ ಡೈರಿ

ನಮ್ಮ ಬಾರ್ ಅಸೋಸಿಯೇಷನ್ನಿನ ಹುಡುಗರು ನನಗೆ ‘ಜೋಯಿಸ’ ಅಂತ ಹೆಸರಿಟ್ಟು ಎರಡು ವರ್ಷದ ಮೇಲಾಯ್ತು. ಕೋರ್ಟ್ ಹಾಲಿನಲ್ಲಿ ಕೂತು ಭವಿಷ್ಯ ಬರೀತಾನೆ, ಸಂಜೆ ತಾಳೆ ನೋಡ್ತಾನೆ ಅಂತ. ಈಗ ಅವರಲ್ಲೇ ಇಬ್ಬರು ನಾನು ಹಾಗೆ ಬರೆಯೋ ಡೈರಿಯ ಜೆರಾಕ್ಸ್ ಕೇಳಿದ್ದಾರೆ. ಒಬ್ಬೊಬ್ಬರಿಗೂ ವಿವರಿಸೋ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ವಕೀಲಿಕೆಯ ಸನದು ಬಂದು, ಕೋಟು ಹೊಲಿಸಿ, ಸೀನಿಯರ್ ಆಫೀಸಿಗೆ ಸೇರಿದ ಮೇಲೂ ‘ನಾನು ನಿಜವಾದ ಲಾಯರ್ ಅಲ್ಲ, ಇವತ್ತಲ್ಲ ನಾಳೆ ಸಿಕ್ಕಿಬೀಳ್ತೀನಿ’ ಅನ್ನೋ ದಿಗಿಲು ಯಾರಿಗಿದೆಯೋ ಅವರಿಗಾಗಿ ಇದು. ಇಂಪೋಸ್ಟರ್ ಸಿಂಡ್ರೋಮ್ ಅಂತಾರಲ್ಲ, ಅದೇ. 1978ರಲ್ಲಿ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅನ್ನೋ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಇದರ ಬಗ್ಗೆ ಮೊದಲು ಬರೆದರು. ಥಿಯರಿ ಅವರಿಗಿರಲಿ. ನನಗೆ ಬೇಕಾಗಿದ್ದು ಬೆಳಗ್ಗೆ ಒಂದೊಂದೇ ಕೇಸು ಕರೆಯೋ ಕಾಲ್ ವರ್ಕಿನಲ್ಲಿ ನಾಲಗೆ ಒಣಗದೆ ನಿಲ್ಲೋದು.

ನನ್ನದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೋರ್ಟು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಾರ್ ಪರೀಕ್ಷೆ ಪಾಸಾದರೂ ‘ಬೇರ್ ಆಕ್ಟ್, ಅಂದ್ರೆ ಕಾನೂನಿನ ಮೂಲ ಪಠ್ಯ, ಮುಂದಿಟ್ಟುಕೊಂಡು ಬರೆಯೋ ಪರೀಕ್ಷೆ, ಅದರಲ್ಲೇನು ಹೆಚ್ಚುಗಾರಿಕೆ’ ಅಂತ ನನಗೆ ನಾನೇ ಹೇಳಿಕೊಂಡವನು. ಎನ್‌ರೋಲ್‌ಮೆಂಟು (ವಕೀಲನಾಗಿ ನೋಂದಣಿ), ಓಡಾಟ, ಕೋಟು ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಅಪ್ಪನ ಕೊಬ್ಬರಿ ದುಡ್ಡು ಹೋಯ್ತು. ಆಮೇಲೆ 2024ರ ಜುಲೈ 30ಕ್ಕೆ ಸುಪ್ರೀಂ ಕೋರ್ಟು ಸಾಮಾನ್ಯ ವರ್ಗಕ್ಕೆ 750, ಎಸ್‌ಸಿ-ಎಸ್‌ಟಿಗೆ 125 ರೂಪಾಯಿಗಿಂತ ಹೆಚ್ಚು ಎನ್‌ರೋಲ್‌ಮೆಂಟ್ ಫೀಸು ತಗೋಬಾರದು ಅಂತು. ಮೊದಲೇ ಕಟ್ಟಿದವರಿಗೆ ವಾಪಸ್ಸು ಮಾತ್ರ ಇಲ್ಲ. ಆ ತೀರ್ಪನ್ನು ನಾನು ಅಪ್ಪನಿಗೆ ಇನ್ನೂ ಹೇಳಿಲ್ಲ.

ಮೊದಲ ಆರೇಳು ತಿಂಗಳು ಸೀನಿಯರ್ ಕೊಟ್ಟಿದ್ದು ಊಟ ಮತ್ತು ಬೈಗುಳ. ಆಮೇಲೆ ಪೆಟ್ರೋಲಿಗೆ ಅಂತ ಎರಡು ಸಾವಿರ. ಅದರಲ್ಲೂ ಈ ದಿಗಿಲು ಕಳೆಯೋಕೆ ಅಂತ ಸುರಿದ ಲೆಕ್ಕ ಕೇಳಿ. ಬೆಂಗಳೂರಿನ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಎಂಟು ಸಾವಿರ. ಅಲ್ಲಿ ಹೋಟೆಲಿನಲ್ಲಿ ಟೇಬಲ್ ಬುಕ್ ಮಾಡೋದು ಕಲಿಸಿದರು, ಐಎಗೆ (ಮಧ್ಯಂತರ ಅರ್ಜಿಗೆ) ಆಬ್ಜೆಕ್ಷನ್ ಹಾಕೋದಲ್ಲ. ‘ವ್ಯಕ್ತಿತ್ವ ವಿಕಸನ’ದ ಎರಡು ದಿನದ ಶಿಬಿರಕ್ಕೆ ಮೂರು ಸಾವಿರ. ಬೆಳಗ್ಗೆ ಎದ್ದು ಕನ್ನಡಿ ಮುಂದೆ ‘ನಾನು ಸಮರ್ಥ’ ಅನ್ನಬೇಕಂತೆ. ಅಂದೆ. ಬಚ್ಚಲಲ್ಲಿ ಸಮರ್ಥನಾಗಿದ್ದವನು ಬೆಂಚ್ ಕ್ಲರ್ಕ್ ಕೇಸ್ ನಂಬರ್ ಕರೆಯೋ ಹೊತ್ತಿಗೆ ಮೊದಲಿನಂತೆಯೇ ಇರ್ತಿದ್ದೆ. ಕಾನೂನಿನ ದಪ್ಪ ಕಾಮೆಂಟರಿ ಪುಸ್ತಕ ಒಂದು, ಮೂರೂವರೆ ಸಾವಿರ. ಅದು ಈಗಲೂ ಪ್ರಿಂಟರಿನ ಕೆಳಗೆ ಎತ್ತರಕ್ಕೆ ಇದೆ.

ಇವೆಲ್ಲ ಯಾಕೆ ಕೈಕೊಟ್ಟವು ಅಂತ ನನಗೆ ತಡವಾಗಿ ಹೊಳೀತು. ಈ ರೋಗದ ಮನಸ್ಸು ಹೊಗಳಿಕೆಯನ್ನು ನಂಬೋದಿಲ್ಲ. ಸೀನಿಯರ್ ‘ಪರವಾಗಿಲ್ಲ, ಚೆನ್ನಾಗಿ ಮಾಡಿದೆ’ ಅಂದರೆ ‘ಪಾಪ ಅಂತ ಅಂದರು’ ಅನ್ನುತ್ತೆ. ಆರ್ಡರ್ ನಮ್ಮ ಕಡೆ ಆದರೆ ‘ಅದೃಷ್ಟ’ ಅನ್ನುತ್ತೆ. ಹಾಗಾಗಿ ಅದು ನುಣುಚಿಕೊಳ್ಳೋಕೆ ಆಗದಂಥ ಪುರಾವೆ ಬೇಕಿತ್ತು.

ಕಂಡುಕೊಂಡ ದಾರಿ ಎಲ್ಲರೂ ಇಡೋ ಕೇಸ್ ಡೈರಿಯಂಥದ್ದೇ. ಜೊತೆಗೆ ನಲವತ್ತು ರೂಪಾಯಿಯ ಇನ್ನೊಂದು ಲಾಂಗ್ ಬುಕ್ ತಗೊಂಡು ನಡುವೆ ಗೆರೆ ಎಳೆದೆ. ಬೆಳಗ್ಗೆ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ನೋಡಿ, ನಮ್ಮದಲ್ಲದ ಕೇಸುಗಳನ್ನೂ ಸೇರಿಸಿ ಹತ್ತು ಹನ್ನೆರಡು ಆರಿಸೋದು. ಎಡಗಡೆ, ಕೇಸು ಕರೆಯೋ ಮುಂಚೆ, ಪೆನ್ನಲ್ಲಿ: ಇವತ್ತು ಏನು ಆರ್ಡರ್ ಆಗುತ್ತೆ, ಯಾಕೆ. ಬಲಗಡೆ ಆದದ್ದು. ಕಿವಿಗೆ ಬೀಳದಿದ್ದರೆ ಸಂಜೆ ಇ-ಕೋರ್ಟ್ಸ್ ಆ್ಯಪಲ್ಲಿ ಹಂತ, ಮುಂದಿನ ವಾಯಿದೆ ನೋಡಿ ತುಂಬಿಸೋದು. ಪೆನ್ಸಿಲ್ ಬೇಡ, ಅಳಿಸೋ ಆಸೆ ಬರುತ್ತೆ. ಇನ್ನೊಂದು ನಿಯಮ ನಾನೇ ಹಾಕಿಕೊಂಡಿದ್ದು: ಊಹೆ ಸರಿಯಾಗಿ ಕಾರಣ ತಪ್ಪಾಗಿದ್ದರೆ ಅದು ತಪ್ಪೇ. ಇದನ್ನು ಬಿಟ್ಟರೆ ಡೈರಿ ನಿಜವಾಗಿಯೂ ಜೋತಿಷ್ಯವೇ ಆಗುತ್ತೆ.

ಮೊದಲ ತಿಂಗಳು ಅರ್ಧಕ್ಕರ್ಧ ಸರಿ. ಆರು ತಿಂಗಳಾಗೋ ಹೊತ್ತಿಗೆ ಕಾಲ್ ವರ್ಕಿನ ಕೇಸುಗಳಲ್ಲಿ ಹತ್ತಕ್ಕೆ ಏಳೆಂಟು. ತಡೆಯಾಜ್ಞೆ ಐಎಗಳಲ್ಲಿ ಮಾತ್ರ ಹತ್ತಕ್ಕೆ ಆರರ ಮೇಲೆ ನಾನು ಯಾವತ್ತೂ ಹೋಗಿಲ್ಲ, ಅದು ಪರವಾಗಿಲ್ಲ. ‘ನಿನಗೇನೂ ಗೊತ್ತಿಲ್ಲ’ ಅಂತ ತಲೆಯೊಳಗೆ ಗುನುಗೋ ದನಿಗೆ ನನ್ನದೇ ಕೈಬರಹದ ಉತ್ತರ ಸಿಕ್ಕಿತು. ಯಾರ ದಾಕ್ಷಿಣ್ಯವೂ ಇಲ್ಲದ್ದು.

ಪುಸ್ತಕದ ಹಿಂಬದಿಯಲ್ಲಿ ಬೆಳೆದ ಪಟ್ಟಿ ಇದಕ್ಕಿಂತ ದೊಡ್ಡ ಲಾಭ ಕೊಟ್ಟಿತು. ಇಪ್ಪತ್ತೈದು ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವರಿಗೆ ನ್ಯಾಯಾಧೀಶರು ಏನೋ ಕೇಳ್ತಾರೆ, ಅವರಿಗೆ ಗೊತ್ತಿರಲ್ಲ. ಆಗ ಏನಂತಾರೆ? ಬರ್ಕೊಂಡೆ. ‘ದಾಖಲೆ ಪರಿಶೀಲಿಸಿ ನಿವೇದಿಸಿಕೊಳ್ತೀನಿ ಸ್ವಾಮಿ.’ ‘ಕಕ್ಷಿದಾರರನ್ನ ಕೇಳಿ ತಿಳಿಸ್ತೀನಿ.’ ‘ತೀರ್ಪುಗಳ ಸಮೇತ ಮೆಮೋ ಹಾಕ್ತೀನಿ.’ ‘ಒಂದು ಪಾಸ್ ಓವರ್ ಕೊಡಿ ಸ್ವಾಮಿ’, ಅಂದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೀರಿ ಅಂತ. ಇಂಥವು ಮೂವತ್ತರ ಮೇಲೆ ಸಿಕ್ಕವು. ದಿನಕ್ಕೆ ನಾಲ್ಕೈದು ಸಲವಾದರೂ ಯಾರೋ ಒಬ್ಬ ದೊಡ್ಡ ವಕೀಲರು ‘ಗೊತ್ತಿಲ್ಲ’ ಅನ್ನೋದನ್ನ ಘನತೆಯಿಂದ ಹೇಳ್ತಿದ್ದರು. ನಾನು ತೊದಲ್ತಿದ್ದೆ, ಅವರ ಹತ್ತಿರ ವಾಕ್ಯ ಇತ್ತು, ಅಷ್ಟೇ ವ್ಯತ್ಯಾಸ. ಮೇಲೆ ಹೇಳಿದ್ದು ಎಲ್ಲರಿಗೂ ಗೊತ್ತಿರೋವು. ನಿಜವಾಗಿ ಕೆಲಸಕ್ಕೆ ಬರೋ ಎರಡನ್ನ ಇಲ್ಲಿ ಬರೆಯೋಲ್ಲ, ಎದುರು ಪಾರ್ಟಿ ವಕೀಲರೂ ಇದನ್ನ ಓದ್ತಾರೆ.

‘ಸಾರ್ ಬರಲ್ವಾ?’ ಅನ್ನೋ ಪ್ರಶ್ನೆ ನಿಮಗೂ ಗೊತ್ತಲ್ಲ. ಕಕ್ಷಿದಾರ ನಮ್ಮ ಮುಖ ನೋಡಿ ಕೇಳಿದ ತಕ್ಷಣ ಅರ್ಧ ಜೀವ ಹೋಗುತ್ತೆ. ಈಗ ನಾನು ಎಡಗಡೆ ಕಾಲಮ್ಮನ್ನೇ ಅವರಿಗೆ ಹೇಳಿಬಿಡ್ತೀನಿ: ‘ಸಾರ್ ವಾದಕ್ಕೆ ಬರ್ತಾರೆ ಯಜಮಾನ್ರೇ. ಇವತ್ತು ಎದುರಿನವರು ಸಾಕ್ಷಿ ತರಲ್ಲ, ಟೈಮ್ ಕೇಳ್ತಾರೆ, ಜಡ್ಜು ಕಾಸ್ಟ್ (ಖರ್ಚು) ಹಾಕಿ ಕೊಡ್ತಾರೆ.’ ಗಾಡಿದಾರಿ ಜಗಳದ ಒಬ್ಬ ಅಜ್ಜನಿಗೆ ಹೀಗೆ ಹೇಳಿದ್ದು ಸತತವಾಗಿ ಮೂರು ವಾಯಿದೆ ನಿಜವಾಯ್ತು. ನಾಲ್ಕನೆಯದಕ್ಕೆ ‘ಸಣ್ಣ ಲಾಯರ್ರು ಎಲ್ಲವ್ರೆ?’ ಅಂತ ನನ್ನನ್ನೇ ಹುಡುಕಿಕೊಂಡು ಬಂದು ಐನೂರರ ನೋಟು ಜೇಬಿಗೆ ತುರುಕಿದರು.

ಆಮೇಲೆ 2024ರ ಜುಲೈ 1 ಬಂತು. ಹಳೇ ಕ್ರಿಮಿನಲ್ ಕಾನೂನುಗಳಾದ ಐಪಿಸಿ, ಸಿಆರ್‌ಪಿಸಿ, ಎವಿಡೆನ್ಸ್ ಆಕ್ಟ್ ಮೂರೂ ಹೋಗಿ ಹೊಸ ಸಂಹಿತೆಗಳು. ನಮ್ಮಂಥವರಿಗೆ ಇದು ಹಬ್ಬ, ಯಾಕಂದ್ರೆ ಆ ಬೆಳಗ್ಗೆ ಕೋರ್ಟಿನಲ್ಲಿ ಎಲ್ಲರೂ ಜೂನಿಯರ್ರೇ. ಕೊಲೆಯ 302 ಹೋಗಿ 103, ವಂಚನೆಯ 420 ಹೋಗಿ 318. ನಿರೀಕ್ಷಣಾ ಜಾಮೀನು 438ರಿಂದ 482ಕ್ಕೆ ಬಂತು. ಹಳೆಯ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಅದು ಈಗ 528. ಜೀವನಾಂಶದ 125 ಈಗ 144, ನಿಷೇಧಾಜ್ಞೆಯ 144 ಈಗ 163. ಇಂಥ ಕಾಲಿಗೆ ತೊಡರೋ ನಂಬರುಗಳನ್ನಷ್ಟೇ ಆರಿಸಿ ಒಂದೇ ಹಾಳೆಯಲ್ಲಿ ಟೈಪ್ ಮಾಡಿ, ಲ್ಯಾಮಿನೇಷನ್ ಮಾಡಿಸಿದೆ, ಮೂವತ್ತು ರೂಪಾಯಿ. ವಾರದೊಳಗೆ ಹಿರಿಯರು ‘ಏನಪ್ಪಾ ಜೋಯಿಸ, ಆ ಹಾಳೆ ಕೊಡು’ ಅನ್ನತೊಡಗಿದರು. ಎಂಟು ಸಾವಿರದ ಕ್ಲಾಸು ಮಾಡದ್ದನ್ನ ಮೂವತ್ತು ರೂಪಾಯಿ ಮಾಡಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಬೇಕು ಅಂತ ಸುತ್ತೋಲೆ ಹೊರಡಿಸಿತು. ಬರೀ ಶಿಫಾರಸು, ಕಡ್ಡಾಯವಲ್ಲ. ಅದನ್ನ ನಮ್ಮ ಸಾರ್‌ಗೆ ತೋರಿಸೋ ಧೈರ್ಯ ಯಾವ ಡೈರಿಯಿಂದಲೂ ಬರಲಿಲ್ಲ. ಆದರೂ ಎರಡು ಸಾವಿರ ಈಗ ಏಳು ಸಾವಿರವಾಗಿದೆ, ನನ್ನದೇ ಚೆಕ್ ಬೌನ್ಸ್ ಕೇಸುಗಳು ಒಂದಷ್ಟು ಬೇರೆ.

ಅಡ್ಡ ಪ್ರಯೋಗಗಳೂ ಆದವು. ಪಾಟೀಸವಾಲಿನಲ್ಲಿ ಎದುರು ವಕೀಲರ ಮುಂದಿನ ಪ್ರಶ್ನೆ ಊಹಿಸೋಕೆ ಹೋಗಿ ಪೂರಾ ಸೋತೆ, ಬರೆಯೋಷ್ಟರಲ್ಲಿ ಸಾಕ್ಷಿ ಕೆಳಗಿಳಿದಿರ್ತಾನೆ. ಒಂದು ವಾರ ಬರೀ ಗಡಿಯಾರ ನೋಡಿದೆ. ಕಾಲ್ ವರ್ಕಿನಲ್ಲಿ ಹೆಚ್ಚಿನ ಕೇಸುಗಳು ಒಂದು ನಿಮಿಷವೂ ಹಿಡಿಯಲ್ಲ. ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ ಅಂತ ಬೆವರ್ತಿದ್ದೆನಲ್ಲ, ನೋಡೋಕೆ ಯಾರಿಗೂ ಪುರುಸೊತ್ತೇ ಇರಲಿಲ್ಲ. ಡ್ರಾಫ್ಟಿಂಗ್ ಪೂರ್ತಿ ಕನ್ನಡದಲ್ಲೇ ಮಾಡಿ ನೋಡಿದ್ದು ಮಾತ್ರ ಗೆದ್ದಿತು. ಕಕ್ಷಿದಾರರು ತಾವೇ ಓದಿ ಸರ್ವೆ ನಂಬರು, ಚೆಕ್ಕುಬಂದಿ ತಿದ್ದಿಕೊಡ್ತಾರೆ.

ಇದರ ಮಿತಿಯನ್ನೂ ಹೇಳಿಬಿಡಬೇಕು. ಈಚೆಗೆ ತಿಂಗಳಿಗೆ ಒಂದೆರಡು ಸಲ ಸಾರ್ ಜೊತೆ ಬೆಂಗಳೂರಿನ ಹೈಕೋರ್ಟಿಗೆ ಹೋಗ್ತೀನಿ. ಅಲ್ಲಿ ವ್ಯವಹಾರವೆಲ್ಲ ಇಂಗ್ಲಿಷು, ಯಾವ ಪೀಠಕ್ಕೆ ಯಾವ ಕೇಸು ಅನ್ನೋ ರೋಸ್ಟರ್ ಬದಲಾಗ್ತಾ ಇರುತ್ತೆ. ನನ್ನ ಊಹೆ ಹತ್ತಕ್ಕೆ ನಾಲ್ಕೂ ದಾಟಿಲ್ಲ, ಹಳೇ ದಿಗಿಲು ಅಲ್ಲಿ ಹಾಗೇ ಇದೆ. ಹಾಗಾಗಿ ಅದಕ್ಕೆ ಬೇರೆ ಪುಸ್ತಕ ಇಟ್ಟಿದ್ದೀನಿ. ನೀವು ಶುರು ಮಾಡೋದಾದರೆ ಒಂದೇ ಕೋರ್ಟ್ ಹಾಲ್, ಒಬ್ಬರೇ ನ್ಯಾಯಾಧೀಶರು ಅಂತ ಇಟ್ಟುಕೊಳ್ಳಿ. ವರ್ಗಾವಣೆಯಾಗಿ ಹೊಸಬರು ಬಂದರೆ ಎಡಗಡೆ ಕಾಲಮ್ಮು ಮೂರು ವಾರ ಕೆಡುತ್ತೆ, ಆಗ ಕೈಬಿಡಬೇಡಿ. ಪುಸ್ತಕವನ್ನ ಸೀನಿಯರ್ ಟೇಬಲ್ ಮೇಲೆ ಮಾತ್ರ ಮರೆತು ಬರಬೇಡಿ, ಹಿಂಬದಿ ಪಟ್ಟಿಯಲ್ಲಿ ಅರ್ಧ ಅವರವೇ ವಾಕ್ಯ ಇರುತ್ತವೆ.