ಒಣದ್ರಾಕ್ಷಿ ರೇಟು, ನಮ್ಮ ಕ್ಯಾಶ್ ಮತ್ತು ಒಂದು ಹಾಳೆ

ವಿಜಯಪುರದ ಎಪಿಎಂಸಿಯಲ್ಲಿ ಒಣದ್ರಾಕ್ಷಿ ಹರಾಜು ಇದ್ದ ದಿನ ನಮ್ಮ ಸರ್ವರ್ ಏದುಸಿರು ಬಿಡುತ್ತಿತ್ತು. ನಾವು ಮೂರು ಜನ ಸೇರಿ ರೈತರಿಗೆ ರೇಟು ತೋರಿಸುವ ಒಂದು ಆ್ಯಪ್ ಮಾಡಿದ್ದೆವು. ಬೆಳಗ್ಗೆಯಿಂದ ಸುಮ್ನೆ ಕೂತಿರುವ ಡೇಟಾಬೇಸಿಗೆ, ರೇಟು ಬರುವ ಹೊತ್ತಿಗೆ ನೂರಾರು ಫೋನುಗಳು ಮುಗಿಬೀಳುತ್ತಿದ್ದವು. ಎಲ್ಲರೂ ಕೇಳುವುದು ಒಂದೇ, ಎಲ್ಲರಿಗೂ ಉತ್ತರವೂ ಒಂದೇ. ಆದರೂ ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಪ್ರತಿ ಸಲ ಮೊದಲಿಂದ ಲೆಕ್ಕ ಹಾಕುತ್ತಿತ್ತು.

ಹಾಗಾಗಿ ರೆಡಿಸ್ ಹಾಕಿದೆ. ಒಮ್ಮೆ ತಂದ ಉತ್ತರವನ್ನು ಬೇಗ ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಅದು. ಹಾಗೆ ಇಟ್ಟುಕೊಳ್ಳುವ ಜಾಗವೇ ಕ್ಯಾಶ್ (cache), ದುಡ್ಡಿನ ಕ್ಯಾಶ್ ಅಲ್ಲ. ಮೊದಲು ಕ್ಯಾಶ್‌ನಲ್ಲಿ ನೋಡುವುದು, ಇದ್ದರೆ ಕೊಡುವುದು, ಇಲ್ಲದಿದ್ದರೆ ಡೇಟಾಬೇಸಿನಿಂದ ತಂದು ಕ್ಯಾಶ್‌ನಲ್ಲೂ ಇಟ್ಟು ಕೊಡುವುದು. ಇದಕ್ಕೆ ಕ್ಯಾಶ್-ಅಸೈಡ್ ಅಂತಾರೆ. ಎಲ್ಲದಕ್ಕೂ ಒಂದು ಗಂಟೆ ಆಯಸ್ಸು ಕೊಟ್ಟೆ. ಅಂದರೆ ಕ್ಯಾಶ್‌ನಲ್ಲಿಟ್ಟದ್ದು ಒಂದು ಗಂಟೆ ಹಾಗೇ ಇದ್ದು, ಆಮೇಲೆ ತಾನೇ ಅಳಿಯುತ್ತದೆ. ಆ್ಯಪ್ ಪಟ್ಟನೆ ತೆರೆಯತೊಡಗಿತು. ನನಗೂ ಖುಷಿಯಾಯಿತು.

ಎರಡನೇ ವಾರ ತಿಕೋಟಾ ಕಡೆಯ ಹಿರಿಯ ರೈತರೊಬ್ಬರು ನೇರ ಆಫೀಸಿಗೇ ಬಂದರು. ಫೋನು ಮುಂದಿಟ್ಟು, "ತಮ್ಮಾ, ಇದ್ರಾಗ ಈ ರೇಟ ಐತಿ ಅಂತ ನೋಡಿ ಕೋಲ್ಡ್ ಸ್ಟೋರೇಜಿನಿಂದ ಮಾಲು ತಗಿಸೇನಿ. ಇಲ್ಲಿ ಬಂದ್ರ ರೇಟ ಆಗ್ಲೇ ಇಳದೈತಿ" ಅಂದರು. ದನಿ ಏರಿಸಲಿಲ್ಲ. ಗಾಡಿ ಬಾಡಿಗೆ ಎಷ್ಟಾಯಿತು ಅಂತ ಕೇಳುವ ಧೈರ್ಯ ನನಗೂ ಬರಲಿಲ್ಲ.

ಆ ಸಂಜೆ ಒಂದು ಹಾಳೆ ತೆಗೆದುಕೊಂಡು ಕೂತೆ. ಮನೆಯಲ್ಲಿ ಅವ್ವ ಖಡಕ್ ರೊಟ್ಟಿಯನ್ನು ವಾರಗಟ್ಟಲೆ ಇಡುತ್ತಾಳೆ. ಮೊಸರು ಮರುದಿನಕ್ಕೆ ಹುಳಿ. ಬಿಸಿ ರೊಟ್ಟಿ ಆ ಹೊತ್ತಿಗೇ ಸರಿ. ನಾನು ಮಾತ್ರ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಒಂದು ಗಂಟೆ ಅಂತ ಬರೆದಿದ್ದೆ. ಹಾಳೆಯಲ್ಲಿ ಒಂದೊಂದೇ ಮಾಹಿತಿ ಬರೆದು, ಪಕ್ಕದಲ್ಲಿ 'ಇದು ಎಷ್ಟು ಹಳತಾದರೆ ನಡೆಯುತ್ತದೆ?' ಅಂತ ಕೇಳಿಕೊಂಡೆ. ನಾನೇ ಊಹಿಸಲಿಲ್ಲ. ಮರುದಿನ ಮಾರುಕಟ್ಟೆಗೆ ಹೋಗಿ ರೈತರನ್ನು, ದಲಾಲರನ್ನು ಕೇಳಿದೆ. ಊರುಗಳ ಪಟ್ಟಿ ಒಂದು ದಿನ ಹಳೆಯದಿದ್ದರೂ ಯಾರಿಗೂ ತೊಂದರೆ ಇಲ್ಲ. ಹೋದ ತಿಂಗಳ ರೇಟಿನ ಚಾರ್ಟ್ ಬದಲಾಗುವುದೇ ಅಪರೂಪ. ಇವತ್ತಿನ ರೇಟು ಮಾತ್ರ ಆಗಿಂದಾಗಲೇ ಬೇಕು. ಇನ್ನು ರೈತರು ಮಾಲು ಮಾರಿದ ಹಣದ ಲೆಕ್ಕ. ಅದನ್ನು ಕ್ಯಾಶ್‌ನಲ್ಲಿ ಇಡುವುದೇ ಬೇಡ ಅಂತ ತೀರ್ಮಾನಿಸಿದೆ. ಅಲ್ಲಿ ಸ್ವಲ್ಪ ನಿಧಾನವಾದರೂ ಪರವಾಗಿಲ್ಲ, ತಪ್ಪಾಗಬಾರದು.

ಇವತ್ತಿನ ರೇಟಿಗೆ ಹತ್ತು ನಿಮಿಷ ಆಯಸ್ಸು ಇಟ್ಟೆ. ಹೊಸ ರೇಟು ನಮೂದಾದ ಕೂಡಲೇ ಹಳೆಯದನ್ನು ಕ್ಯಾಶ್‌ನಿಂದ ಅಳಿಸುತ್ತೇವಲ್ಲ, ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಆಗಾಗ ಹಳೆಯ ರೇಟು ಹತ್ತು ನಿಮಿಷ ಹಾಗೇ ಅಂಟಿಕೊಂಡಿರುತ್ತಿತ್ತು. ಎರಡು ರಾತ್ರಿ ಲಾಗ್ (ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ) ನೋಡಿದ ಮೇಲೆ ಕಾರಣ ಸಿಕ್ಕಿತು. ನನ್ನ ಕೋಡ್ ಮೊದಲು ಕ್ಯಾಶ್ ಅಳಿಸಿ, ಆಮೇಲೆ ಹೊಸ ರೇಟನ್ನು ಡೇಟಾಬೇಸಿನಲ್ಲಿ ಕಮಿಟ್ ಮಾಡುತ್ತಿತ್ತು, ಅಂದರೆ ಖಾಯಂ ಮಾಡುತ್ತಿತ್ತು. ಆ ಎರಡರ ನಡುವೆ ಇನ್ನೊಬ್ಬರು ಆ್ಯಪ್ ತೆರೆದರೆ ಏನಾಗುತ್ತದೆ ನೋಡಿ. ಕ್ಯಾಶ್ ಖಾಲಿ. ಡೇಟಾಬೇಸಿನಲ್ಲಿ ಇನ್ನೂ ಹಳೆಯದೇ. ಅದನ್ನೇ ತಂದು ಮತ್ತೆ ಕ್ಯಾಶ್‌ನಲ್ಲಿ ಕೂರಿಸುತ್ತದೆ. ಅಷ್ಟರಲ್ಲಿ ಕಮಿಟ್ ಆಗುತ್ತದೆ, ಆದರೆ ಅಳಿಸುವ ಕೆಲಸ ಆಗಲೇ ಮುಗಿದಿರುತ್ತದೆ.

ಎರಡು ಸಾಲು ಅದಲುಬದಲು ಮಾಡಿದೆ: ಮೊದಲು ಕಮಿಟ್, ಆಮೇಲೆ ಅಳಿಸುವುದು. ಹೀಗೆ ಮಾಡಿದರೂ ಸಣ್ಣ ಸಂದು ಉಳಿಯುತ್ತದೆ. ಕಮಿಟ್‌ಗೆ ಮೊದಲೇ ಓದಿಕೊಂಡ ಯಾರೋ ನಿಧಾನವಾಗಿ ಬಂದು, ಅಳಿಸಿದ ಮೇಲೆ ಹಳೆಯದನ್ನು ಬರೆಯಬಹುದು. ಫೇಸ್‌ಬುಕ್ ಎಂಜಿನಿಯರ್‌ಗಳು 2013ರಲ್ಲಿ ತಮ್ಮ ಕ್ಯಾಶ್ ವ್ಯವಸ್ಥೆಯಾದ ಮೆಮ್‌ಕ್ಯಾಶ್ ಬಗ್ಗೆ ಬರೆದ ಪ್ರಬಂಧದಲ್ಲಿ ಇದೇ ತೊಂದರೆ ಇದೆ. ಅದಕ್ಕೆ ಅವರ ದಾರಿ ಇದು: ಕ್ಯಾಶ್ ಖಾಲಿ ಸಿಕ್ಕವರಿಗೆ 'ಲೀಸ್' ಅನ್ನುವ ಟೋಕನ್ ಕೊಡುವುದು, ಅದು ಇದ್ದರೆ ಮಾತ್ರ ಕ್ಯಾಶ್‌ಗೆ ಬರೆಯಬಹುದು. ಅಳಿಸಿದ ಕೂಡಲೇ ಹಳೆಯ ಟೋಕನ್ ರದ್ದಾಗುತ್ತದೆ, ಅದನ್ನು ಹಿಡಿದವರು ಬರೆಯಲಾರರು. ನಮ್ಮ ಗಾತ್ರದ ಆ್ಯಪಿಗೆ ಅಷ್ಟು ಬೇಡ ಅನ್ನಿಸಿತು. ಆಯಸ್ಸನ್ನು 30 ಸೆಕೆಂಡಿಗೆ ಇಳಿಸಿದೆ. ತಪ್ಪಾದರೂ ಅಷ್ಟು ಹೊತ್ತು ಮಾತ್ರ.

ಆಯಸ್ಸು ಇಳಿಸಿದ ಮೇಲೆ ಹಳೆಯ ನೂಕುನುಗ್ಗಲು ಮತ್ತೆ ಬಂತು. ಕೀ (ಕ್ಯಾಶ್‌ನಲ್ಲಿ ಒಂದೊಂದು ಮಾಹಿತಿಗೆ ಇಟ್ಟ ಹೆಸರು) ಅಳಿದ ಕ್ಷಣ ಎಲ್ಲರೂ ಡೇಟಾಬೇಸಿಗೆ ಓಡುತ್ತಾರೆ ಅಲ್ವಾ? ಅದಕ್ಕೆ ರೆಡಿಸ್‌ನ ಸೆಟ್ ಆಜ್ಞೆಗೆ ಎನ್‌ಎಕ್ಸ್ ('ಆ ಕೀ ಆಗಲೇ ಇಲ್ಲದಿದ್ದರೆ ಮಾತ್ರ ಬರೆ' ಅಂತ) ಸೇರಿಸಿ ಒಂದು ಬೀಗ ಮಾಡಿದೆ. ಬೀಗ ಸಿಕ್ಕ ಒಬ್ಬರು ಮಾತ್ರ ಡೇಟಾಬೇಸಿಗೆ ಹೋಗುತ್ತಾರೆ. ಬೀಗಕ್ಕೂ 5 ಸೆಕೆಂಡ್ ಆಯಸ್ಸು ಕೊಡಲೇಬೇಕು. ಇಲ್ಲದಿದ್ದರೆ, ಬೀಗ ಹಿಡಿದ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ನಡುವೆ ಸತ್ತರೆ ಉಳಿದವರು ಕಾಯುತ್ತಲೇ ಇರಬೇಕಾಗುತ್ತದೆ. ರೇಟಿಗೆ ಉಳಿದವರು ತುಸು ಕಾಯಲಿ ಅಂತ ಬಿಟ್ಟೆ. ಚಾರ್ಟ್‌ಗೆ ಹಳೆಯದನ್ನೇ ಕೊಟ್ಟು, ಹೊಸದನ್ನು ಹಿಂದಿನಿಂದ ತಂದಿಡುತ್ತೇನೆ.

ಇದೆಲ್ಲ ಈಗ ಒಂದೇ ಫಂಕ್ಷನ್‌ನಲ್ಲಿದೆ. ಕೀ ಹೆಸರು, ಆಯಸ್ಸು, ಹಳೆಯದು ನಡೆಯುತ್ತದೆಯೋ ಇಲ್ಲವೋ, ಡೇಟಾಬೇಸಿನಿಂದ ತರುವ ಕೋಡ್: ಈ ನಾಲ್ಕು ಕೊಟ್ಟರೆ ಸಾಕು. ಬೆಳಗ್ಗೆ ಒಟ್ಟಿಗೆ ತುಂಬಿದ ಕೀಗಳು ಒಟ್ಟಿಗೇ ಸಾಯದಿರಲಿ ಅಂತ ಆಯಸ್ಸನ್ನು ತುಸು ಹೆಚ್ಚುಕಡಿಮೆ ಮಾಡುವುದೂ ಅದರೊಳಗೇ ಇದೆ. ರೆಡಿಸ್ ನಿಂತರೆ ಕಾಯದೆ ನೇರ ಡೇಟಾಬೇಸಿಗೆ ಹೋಗುತ್ತದೆ. ಮೊನ್ನೆ ಕಬ್ಬಿನ ತೂಕದ ಇನ್ನೊಂದು ಆ್ಯಪಿಗೆ ಕೂತಾಗ ಆ ಫೈಲನ್ನು ಹಾಗೇ ಎತ್ತಿಕೊಂಡೆವು. ಹಾಳೆ ಮಾತ್ರ ಹೊಸದಾಗಿ ಬರೆಯಬೇಕಾಯಿತು. ಎಷ್ಟು ಹಳತಾದರೆ ನಡೆಯುತ್ತದೆ ಅನ್ನುವುದು ಫೈಲಿನೊಳಗೆ ಬರುವುದಿಲ್ಲ, ತೂಕದ ಕಟ್ಟೆಯಲ್ಲಿ ನಿಂತವರನ್ನೇ ಕೇಳಬೇಕು.

ಒಣದ್ರಾಕ್ಷಿ ಆ್ಯಪಿನಲ್ಲಿ ಈಗ ರೇಟಿನ ಕೆಳಗೆ ಸಣ್ಣದಾಗಿ ಹೊತ್ತು ಕಾಣುತ್ತದೆ: 'ಮಧ್ಯಾಹ್ನ 2:40ರ ರೇಟು'. ಅದು ಫೋನು ತೆರೆದ ಹೊತ್ತಲ್ಲ, ಡೇಟಾಬೇಸಿನಿಂದ ಓದಿದ ಹೊತ್ತು. ರೇಟಿನ ಜೊತೆಗೇ ಕ್ಯಾಶ್‌ನಲ್ಲಿ ಇಟ್ಟಿರುತ್ತೇವೆ. ತಿಕೋಟಾದ ಆ ಹಿರಿಯರು ಈಗ ಮಾಲು ತೆಗೆಸುವ ಮೊದಲು ಆ ಹೊತ್ತನ್ನು ನೋಡುತ್ತಾರೆ. ತುಸು ಹಳೆಯದು ಅನ್ನಿಸಿದರೆ ನನಗೇ ಫೋನ್ ಮಾಡುತ್ತಾರೆ.